ಡಿಕ್ಕಿಗೆ ಕಟ್ಟಿದ ಹಗ್ಗ



ನಿಮ್ಮ ಮನೆಯಲ್ಲಿ ಹಗ್ಗ ಕಟ್ಟಿ ನಡೆಸುತ್ತಿರುವ ವಸ್ತುಗಳು ಎಷ್ಟಿವೆ? ಒಮ್ಮೆ ಎಣಿಸಿ ನೋಡಿ. ಗೇಟಿನ ಕೊಂಡಿ ಮುರಿದರೆ ಒಂದು ತಂತಿ, ಕಿಟಕಿಯ ಚಿಲಕ ಹೋದರೆ ಒಂದು ಬಟ್ಟೆಯ ತುಂಡು, ಕುಕ್ಕರಿನ ಹಿಡಿ ಸಡಿಲವಾದರೆ ಒಂದು ದಾರ. "ಸದ್ಯಕ್ಕೆ ಇರಲಿ, ಆಮೇಲೆ ಸರಿ ಮಾಡಿಸೋಣ" ಎಂದು ಕಟ್ಟುತ್ತೇವೆ. ಆ 'ಆಮೇಲೆ' ಬರುವುದೇ ಇಲ್ಲ. ನಮ್ಮ ಮನೆಯಲ್ಲಿ ಕಾರಿನ ಡಿಕ್ಕಿಗೇ ಹಗ್ಗ ಕಟ್ಟಿದ್ದೆವು. ಅದರಿಂದ ಏನಾಯಿತೆಂದು ಈ ಸಲ ಹೇಳುತ್ತೇನೆ.

ನಮ್ಮದು 1984ರ ಬಿಳಿ ಅಂಬಾಸಿಡರ್ ಕಾರು. ಮಾವನವರು ಕೊಂಡದ್ದು. ಅವರು ತೀರಿಹೋದ ಮೇಲೂ ಅದನ್ನು ಮಾರಲು ಅತ್ತೆ ಒಪ್ಪಲಿಲ್ಲ. ಕಿರಿಮಂಜೇಶ್ವರದ ನಮ್ಮ ಅಂಗಳದಲ್ಲಿ ತೆಂಗಿನ ಮರದ ಕೆಳಗೆ ಅದು ನಿಂತಿರುತ್ತದೆ. ನನ್ನವರು ದುಬೈಯಲ್ಲಿರುವುದರಿಂದ ಬೇಕಾದಾಗ ಮೈದುನ ಬಂದು ಓಡಿಸುತ್ತಾನೆ. ಕುಂದಾಪುರದ ಆಸ್ಪತ್ರೆಗೆ, ಬೈಂದೂರಿನ ಕಚೇರಿ ಕೆಲಸಕ್ಕೆ, ನೆಂಟರಿಷ್ಟರ ಮದುವೆಗೆ ನಮಗೆ ಅದೇ ಗತಿ.

ಅಂಬಾಸಿಡರಿನ ಡಿಕ್ಕಿ ಎಂದರೆ ನಿಮಗೆ ಗೊತ್ತೇ ಇದೆ. ಗಲ್ಫಿನಿಂದ ಬಂದವರ ಕಾರ್ಟನ್ ಪೆಟ್ಟಿಗೆಗಳು, ಅಕ್ಕಿ ಮೂಟೆ, ಹಲಸಿನ ಹಣ್ಣು ಎಲ್ಲವನ್ನೂ ನುಂಗುವ ಹೊಟ್ಟೆ ಅದು. ಹೊಟ್ಟೆ ತುಂಬಿ ಮುಚ್ಚದಿದ್ದರೆ ಮುಚ್ಚಳವನ್ನು ಅರ್ಧ ತೆರೆದಿಟ್ಟು ಹಗ್ಗ ಬಿಗಿಯುವುದು ನಮ್ಮ ಕಡೆಯ ರೂಢಿ. ಹಾಗೆ ಹತ್ತಾರು ವರ್ಷ ಬಿಗಿದು ಬಿಗಿದು, ಹೋದ ವರ್ಷದ ಮಳೆಗಾಲದಲ್ಲಿ ಒಂದು ದಿನ ಡಿಕ್ಕಿ ತೆಗೆಯಲು ಹೋದಾಗ 'ಟಕ್' ಎಂದಿತು. ಎಡಗಡೆಯ ಹಿಂಜ್ ಮುರಿದಿತ್ತು. ಬಾಗಿಲಿಗೆ ಬಿಜಾಗರಿ ಇದ್ದ ಹಾಗೆ ಡಿಕ್ಕಿಯ ಮುಚ್ಚಳಕ್ಕೆ ಈ ಹಿಂಜ್. ಒಂದು ಮುರಿದದ್ದರಿಂದ ಮುಚ್ಚಳ ಓರೆಯಾಗಿ ಜೋತುಬಿತ್ತು. ಒಂದು ಮೂಲೆಯಲ್ಲಿ ಎರಡು ಬೆರಳಿನಷ್ಟು ಸಂದು. ಮೈದುನ ನೈಲಾನ್ ಹಗ್ಗ ತಂದು ಬಂಪರಿಗೆ ಬಿಗಿದ. "ಅತ್ತಿಗೆ, ಸದ್ಯಕ್ಕೆ ಇರಲಿ" ಎಂದ. ನಾನೂ ಇರಲಿ ಎಂದೆ.

ಅಲ್ಲಿಂದ ನಾಲ್ಕು ತಿಂಗಳು ಹಾಗೆಯೇ ಓಡಾಡಿದೆವು.

ಮಗನ ತಲೆನೋವು

ನನ್ನ ಚಿಕ್ಕ ಮಗನಿಗೆ ಏಳು ವರ್ಷ. ಆ ನಾಲ್ಕು ತಿಂಗಳಲ್ಲಿ ಅವನಿಗೆ ಕಾರು ಎಂದರೆ ಹೆದರಿಕೆಯಾಯಿತು. ಕುಂದಾಪುರದಿಂದ ಹಿಂದಿರುಗುವಾಗ ತ್ರಾಸಿ ದಾಟುವ ಹೊತ್ತಿಗೆ "ಅಮ್ಮಿ, ತಲೆ ನೋಯುತ್ತದೆ" ಎಂದು ನನ್ನ ಮಡಿಲಲ್ಲಿ ಮಲಗಿಬಿಡುತ್ತಿದ್ದ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ ಬರುವಲ್ಲಿ ಕಾರು ನಿಲ್ಲಿಸಲೇಬೇಕು. ಇಳಿದೊಡನೆ ವಾಂತಿ. ಕಲ್ಲಿನ ಮೇಲೆ ಕೂರಿಸಿ ನೀರು ಕುಡಿಸಿದರೆ ಸ್ವಲ್ಪ ಹೊತ್ತಿಗೆ ಹುಡುಗ ಗೆಲುವಾಗುತ್ತಿದ್ದ. ಅತ್ತೆ "ಇವನಿಗೆ ಕಾರು ಆಗುವುದಿಲ್ಲ" ಎಂದು ತೀರ್ಮಾನಿಸಿದರು. ಲಿಂಬೆಹಣ್ಣು ಮೂಸಿಸಿದೆವು, ಖಾಲಿ ಹೊಟ್ಟೆಯಲ್ಲಿ ಕರೆದೊಯ್ದೆವು, ಮಾತ್ರೆ ಕೊಟ್ಟೆವು. ಬಸ್ಸಿನಲ್ಲಿ ಹೋದರೆ ಅವನಿಗೆ ಏನೂ ಆಗುವುದಿಲ್ಲ ಎಂಬುದು ನನ್ನ ಲಕ್ಷ್ಯಕ್ಕೇ ಬರಲಿಲ್ಲ. ಒಂದೆರಡು ಸಲ ನನಗೂ ತಲೆ ಭಾರವಾಗಿತ್ತು. ಬಿಸಿಲು ಎಂದುಕೊಂಡೆ.

ಕೊನೆಗೆ ಇದನ್ನು ಕಂಡುಹಿಡಿದದ್ದು ವೈದ್ಯರಲ್ಲ, ಒಬ್ಬ ಹಳೆಯ ಮೇಸ್ತ್ರಿ. ಗ್ಯಾರೇಜು ಮುಚ್ಚಿ ಮನೆಯಲ್ಲಿರುವ ಹಿರಿಯರು. ಮಾವನ ಕಾಲದಲ್ಲಿ ನಮ್ಮ ಕಾರನ್ನು ನೋಡಿಕೊಂಡವರು. ಬೇರೆ ಯಾವುದೋ ಕೆಲಸಕ್ಕೆ ಬಂದವರು ಡಿಕ್ಕಿಯ ಹಗ್ಗ ನೋಡಿ ನಿಂತರು. ಹಗ್ಗ ಬಿಚ್ಚಿಸಿ, ಮುಚ್ಚಳದ ಒಳಮೈಯನ್ನು ಬೆರಳಿನಿಂದ ಒರೆಸಿ ನನಗೆ ತೋರಿಸಿದರು. ಬೆರಳು ಕಪ್ಪಾಗಿತ್ತು.

"ಹಗ್ಗ ಕಟ್ರೆ ರಿಪೇರಿ ಆತ್ತಾ ಅಮ್ಮ?" ಎಂದರು. ಆಮೇಲೆ ಮಕ್ಕಳು ಎಲ್ಲಿ ಕೂರುತ್ತಾರೆಂದು ಕೇಳಿದರು. ಹಿಂದಿನ ಸೀಟಿನಲ್ಲಿ ಎಂದೆ. ಅವರು ತಲೆಯಾಡಿಸಿದರು.

ಸಹೋದರಿಯರೇ, ಮಣ್ಣಿನ ರಸ್ತೆಯಲ್ಲಿ ಹೋಗುವ ಬಸ್ಸನ್ನು ನೀವು ನೋಡಿರುತ್ತೀರಿ. ಧೂಳೆಲ್ಲ ಹಿಂದಕ್ಕೆ ಹಾರಿಹೋಗಬೇಕಲ್ಲವೇ? ಆದರೆ ಬಸ್ಸಿನ ಹಿಂಭಾಗದ ಗಾಜೇ ಹೆಚ್ಚು ಮಣ್ಣಾಗುತ್ತದೆ. ಏಕೆಂದರೆ ಮುಂದೆ ಓಡುವ ವಾಹನದ ಬೆನ್ನ ಹಿಂದೆ ಗಾಳಿ ಸುಳಿ ಸುತ್ತಿಕೊಂಡು ವಾಹನದ ಕಡೆಗೇ ಮರಳುತ್ತದೆ. ಕಾರಿನ ಸೈಲೆನ್ಸರಿನ ಬಾಯಿ ಇರುವುದೂ ಅಲ್ಲೇ, ಡಿಕ್ಕಿಯ ಕೆಳಗೆ. ಮುಚ್ಚಳ ಸರಿಯಾಗಿ ಕೂರದಿದ್ದರೆ ಆ ಸುಳಿಗಾಳಿ ಹೊಗೆಯನ್ನು ಡಿಕ್ಕಿಯೊಳಗೆ ಎಳೆದು ತರುತ್ತದೆ. ಹಿಂದಿನ ಸೀಟಿಗೂ ಡಿಕ್ಕಿಗೂ ನಡುವೆ ಗಾಳಿಯಾಡದ ಗೋಡೆಯೇನೂ ಇರುವುದಿಲ್ಲ. ಹೊಗೆ ಸೀಟಿನ ಸಂದಿಯಿಂದ ನೇರವಾಗಿ ಮಕ್ಕಳ ಮೂಗಿಗೆ ಬರುತ್ತದೆ.

ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷದ ಅನಿಲವಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆಯ ವಾಸನೆ ಬೇರೆ ವಸ್ತುಗಳದ್ದು. ಹಾಗಾಗಿ 'ವಾಸನೆ ಬರುವುದಿಲ್ಲ, ಭಯವಿಲ್ಲ' ಎನ್ನುವಂತಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಆಮ್ಲಜನಕಕ್ಕೆ ಜಾಗವಿಲ್ಲದಂತಾಗುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ, ನಿದ್ದೆಯಂಥ ಆಯಾಸ. ಹೆಚ್ಚಾದರೆ ಪ್ರಜ್ಞೆ ತಪ್ಪುತ್ತದೆ, ಪ್ರಾಣವೂ ಹೋಗಬಹುದು. ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಸಾಧನ ನಮ್ಮ ದೇಶದ ಹೊಸ ಪೆಟ್ರೋಲ್ ಕಾರುಗಳಿಗೆ ಕಡ್ಡಾಯವಾಗತೊಡಗಿದ್ದು 1995ರಲ್ಲಿ, ಅದೂ ಮೊದಲು ನಾಲ್ಕು ಮಹಾನಗರಗಳಲ್ಲಿ ಮಾತ್ರ. ಅದಕ್ಕಿಂತ ಹಳೆಯ ನಮ್ಮಂಥವರ ಕಾರಿನ ಹೊಗೆ ಸೋಸದ ಹೊಗೆ.

ನನ್ನ ಮಗನ ತಲೆನೋವಿಗೆ ಇದೇ ಕಾರಣವೆಂದು ಯಂತ್ರವಿಟ್ಟು ಅಳೆದವರು ಯಾರೂ ಇಲ್ಲ. ಆದರೆ ಹಗ್ಗ ಕಟ್ಟಿದಾಗ ಶುರುವಾದದ್ದು, ಹಿಂಜ್ ಸರಿಯಾದ ಮೇಲೆ ನಿಂತಿತು. ಬಸ್ಸಿನಲ್ಲಿ ಬಾರದ್ದು, ಕಾರಿನಲ್ಲಿ ಬರುತ್ತಿತ್ತು. ಇಳಿದು ಕಡಲ ಗಾಳಿ ಕುಡಿದರೆ ಹೋಗುತ್ತಿತ್ತು. ತಾಯಿಯಾದವಳು ಇಷ್ಟನ್ನು ಜೋಡಿಸಿ ನೋಡಬೇಕಿತ್ತು. ನಾನು ನೋಡಲಿಲ್ಲ. ನೀವು ನೋಡಿ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮುರಿದದ್ದು ಏಕೆ?

ಹಿಂಜ್ ಎಂದರೆ ಎರಡು ರೆಕ್ಕೆ, ನಡುವೆ ಒಂದು ಪಿನ್ನು. ಒಂದು ರೆಕ್ಕೆ ಕಾರಿನ ಮೈಗೆ, ಇನ್ನೊಂದು ಮುಚ್ಚಳಕ್ಕೆ. ಪಿನ್ನು ಎಣ್ಣೆ ಕಂಡು ಸಲೀಸಾಗಿ ತಿರುಗುತ್ತಿದ್ದರೆ ರೆಕ್ಕೆಗಳಿಗೆ ಶ್ರಮವಿಲ್ಲ. ಆದರೆ ನಮ್ಮದು ಕಡಲ ದಂಡೆ. ಇಲ್ಲಿಯ ಗಾಳಿಯಲ್ಲೇ ಉಪ್ಪಿದೆ. ಉಪ್ಪು ತಾಗಿದ ಕಬ್ಬಿಣಕ್ಕೆ ತೇವವೂ ಸೇರಿದರೆ ತುಕ್ಕು ಬೇಗ ಹಿಡಿಯುತ್ತದೆ. ಪಿನ್ನು ತುಕ್ಕು ಹಿಡಿದು ಬಿಗಿದುಕೊಳ್ಳುತ್ತದೆ. ಆಗ ನಾವು ಮುಚ್ಚಳವನ್ನು ಜೋರು ಮಾಡಿ ಎತ್ತುತ್ತೇವೆ. ಉದ್ದದ ಮುಚ್ಚಳ ಸನ್ನೆಗೋಲಿನ ಹಾಗೆ ಕೆಲಸ ಮಾಡುತ್ತದೆ. ನಮ್ಮ ಕೈಯ ಬಲವೆಲ್ಲ ಹಲವು ಪಟ್ಟಾಗಿ ಆ ಪುಟ್ಟ ರೆಕ್ಕೆಯ ಬುಡದ ಮೇಲೆ ಬೀಳುತ್ತದೆ. ತಂತಿಯನ್ನು ಬಗ್ಗಿಸಿ ಬಗ್ಗಿಸಿ ತುಂಡರಿಸುತ್ತೇವಲ್ಲ, ಹಾಗೆಯೇ ಅದು ಒಂದು ದಿನ ಬಿರುಕು ಬಿಡುತ್ತದೆ. ಮುಚ್ಚಳ ಅರ್ಧ ತೆರೆದು ಹಗ್ಗ ಬಿಗಿದು ಗುಂಡಿ ರಸ್ತೆಯಲ್ಲಿ ಓಡಿಸಿದರೆ ಈ ಕೆಲಸ ಇನ್ನೂ ಬೇಗ ಆಗುತ್ತದೆ.

ಅತ್ತೆ ಪ್ರತಿ ತಿಂಗಳು ತೆಂಗಿನೆಣ್ಣೆ ಬಿಡುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ. ಆದರೆ ತೆಂಗಿನೆಣ್ಣೆ ಕೆಲವು ದಿನ ಜಾರುತ್ತದೆ, ಆಮೇಲೆ ಧೂಳು ಹಿಡಿದು ಅಂಟಾಗುತ್ತದೆ. ಅಡುಗೆಮನೆಯ ಎಣ್ಣೆ ಅಡುಗೆಗೇ ಇರಲಿ.

ಸರಿ ಮಾಡಿದ ಬಗೆ

ಮೊದಲು ನಾವು ಹೋದ ಒಂದು ವರ್ಕ್‌ಶಾಪಿನಲ್ಲಿ "ಇಲ್ಲೇ ಒಂದು ವೆಲ್ಡಿಂಗ್ ಹೊಡೆದುಬಿಡೋಣ, ಐದು ನಿಮಿಷ" ಎಂದರು. ಮೇಸ್ತ್ರಿ ಕೈ ಅಡ್ಡ ಹಿಡಿದರು. ಅಂಬಾಸಿಡರಿನ ಪೆಟ್ರೋಲ್ ಟ್ಯಾಂಕ್ ಇರುವುದು ಹಿಂಭಾಗದಲ್ಲೇ. ಹಳೆಯ ಕಾರುಗಳಲ್ಲಿ ಹೆಚ್ಚಿನವು ಹೀಗೆಯೇ. ವೆಲ್ಡಿಂಗಿನ ಒಂದು ಕಿಡಿ ಸಾಕು. ಟ್ಯಾಂಕ್ ಖಾಲಿ ಇದೆ ಎಂದು ಧೈರ್ಯ ಮಾಡುವವರಿದ್ದಾರೆ. ಖಾಲಿ ಟ್ಯಾಂಕಿನಲ್ಲಿ ತುಂಬಿರುವ ಪೆಟ್ರೋಲಿನ ಆವಿ ದ್ರವ ಪೆಟ್ರೋಲಿಗಿಂತ ಸುಲಭವಾಗಿ ಸಿಡಿಯುತ್ತದೆ. ನಿಮ್ಮ ಕಾರಿಗೆ ಯಾರಾದರೂ ಹೀಗೆ ಹೇಳಿದರೆ ಒಪ್ಪಬೇಡಿ. ಹಿಂಜನ್ನು ಬಿಚ್ಚಿ, ಕಾರಿನಿಂದ ದೂರ ಕೊಂಡೊಯ್ದು ಬೆಸುಗೆ ಹಾಕಿಸಿ. ಕಾರಿನ ಮೈಯಲ್ಲೇ ಕೆಲಸ ಅನಿವಾರ್ಯವಾದರೆ ಟ್ಯಾಂಕನ್ನು ಇಳಿಸಿ, ಬ್ಯಾಟರಿಯ ತಂತಿ ಕಳಚಿದ ಮೇಲೆಯೇ.

ನಮ್ಮ ಅಂಗಳದಲ್ಲಿ ಕೆಲಸ ನಡೆದದ್ದು ಹೀಗೆ. ಮುಚ್ಚಳ ಭಾರದ ತಗಡು. ಒಂದು ಹಿಂಜ್ ಬಿಚ್ಚಿದಾಗ ಅದು ತಲೆಯ ಮೇಲೋ ಬೆರಳಿನ ಮೇಲೋ ಬೀಳಬಹುದು. ಆದ್ದರಿಂದ ಎರಡು ಗಟ್ಟಿ ಮರದ ತುಂಡುಗಳನ್ನು ಆನಿಕೆ ಕೊಟ್ಟು, ಮೈದುನ ಒಂದು ಕಡೆ, ನಾನು ಒಂದು ಕಡೆ ಹಿಡಿದೆವು. ಮಕ್ಕಳನ್ನು ಅತ್ತೆಯ ಜೊತೆ ಒಳಗೆ ಕಳಿಸಿದ್ದೆ. ಬಣ್ಣ ಗೀರದಂತೆ ಹಳೆಯ ಕಂಬಳಿ ಹಾಸಿದೆವು. ಬೋಲ್ಟ್ ಸಡಿಲಿಸುವ ಮೊದಲು ಮೇಸ್ತ್ರಿ ಹಿಂಜಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದರು. ಮರಳಿ ಜೋಡಿಸುವಾಗ ಅದೇ ಗೆರೆಯೊಳಗೆ ಕೂರಿಸಿದರೆ ಅರ್ಧ ಕೆಲಸ ಮುಗಿದಂತೆ. ಬಟ್ಟೆ ಕತ್ತರಿಸುವ ಮೊದಲು ನಾವು ಸೀಮೆಸುಣ್ಣದ ಗುರುತು ಹಾಕುವುದಿಲ್ಲವೇ? ಅದೇ ಉಪಾಯ.

ತುಕ್ಕು ಹಿಡಿದ ಬೋಲ್ಟಿಗೆ ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟಿದ್ದೆವು. ಅವಸರದಲ್ಲಿ ಸ್ಪ್ಯಾನರ್ ಜಗ್ಗಿದರೆ ಬೋಲ್ಟಿನ ತಲೆ ಮುರಿದು ಹೊಸ ತಾಪತ್ರಯ. ಬಿಚ್ಚಿದ ಹಿಂಜನ್ನು ಕೈಯಲ್ಲಿ ಹಿಡಿದು ಅವರು ಒಂದು ಅಯಸ್ಕಾಂತ ತಾಗಿಸಿದರು. ಅಂಟಿಕೊಂಡಿತು. ಹಾಗಾದರೆ ಕಬ್ಬಿಣ ಅಥವಾ ಉಕ್ಕು. ಕೆಲವು ಹಳೆಯ ಕಾರುಗಳ ಬಿಡಿಭಾಗಗಳು ಸತುವಿನ ಮಿಶ್ರಲೋಹದ ಎರಕದವು. ಅವಕ್ಕೆ ಅಯಸ್ಕಾಂತ ಅಂಟುವುದಿಲ್ಲ. ಸಾಮಾನ್ಯ ವೆಲ್ಡಿಂಗೂ ನಿಲ್ಲುವುದಿಲ್ಲ. ಅಂಥದ್ದಾದರೆ ಹೊಸತು ಹುಡುಕುವುದೇ ಲೇಸು. ಎರಕದ ಕಬ್ಬಿಣವಾದರೆ ಹಿತ್ತಾಳೆಯ ಕಡ್ಡಿ ಕರಗಿಸಿ ಹಾಕುವ ಗ್ಯಾಸ್ ಬೆಸುಗೆ ಸೂಕ್ತ. ಸಾದಾ ಉಕ್ಕಾದರೆ ಸಾಮಾನ್ಯ ವೆಲ್ಡಿಂಗ್ ಆಗುತ್ತದೆ. ನಮ್ಮದು ಸಾದಾ ಉಕ್ಕು.

ಬಿರುಕಿನ ಉದ್ದಕ್ಕೂ ಅರದಿಂದ ಸ್ವಲ್ಪ ಕಣಿವೆಯಂತೆ ಉಜ್ಜಿ, ತುಕ್ಕು ಬಣ್ಣ ಎಲ್ಲ ತೆಗೆದು, ಹೊಳೆಯುವ ಲೋಹ ಕಂಡ ಮೇಲೆಯೇ ಬೆಸುಗೆ ಹಾಕಿಸಬೇಕಂತೆ. ತುಕ್ಕಿನ ಮೇಲೆ ಹಾಕಿದ ಬೆಸುಗೆ ಗಾಯ ತೊಳೆಯದೆ ಕಟ್ಟಿದ ಪಟ್ಟಿಯ ಹಾಗೆ. ಬಾಗಿದ್ದ ಹಳೆಯ ಪಿನ್ನನ್ನು ಬಡಿದು ತೆಗೆದು, ಕುಂದಾಪುರದ ಒಂದು ಲೇತ್ ಅಂಗಡಿಯಲ್ಲಿ ಅದೇ ದಪ್ಪದ ಹೊಸ ಪಿನ್ನು ಕಡೆಸಿದೆವು. ಅಂಗಡಿಯಲ್ಲಿ ಸಿದ್ಧ ಹಿಂಜ್ ಏಕೆ ತರಲಿಲ್ಲ ಎಂದು ನೀವು ಕೇಳಬಹುದು. ಅಂಬಾಸಿಡರನ್ನು ತಯಾರಿಸುತ್ತಿದ್ದ ಹಿಂದುಸ್ತಾನ್ ಮೋಟಾರ್ಸ್ ಪಶ್ಚಿಮ ಬಂಗಾಳದ ಉತ್ತರಪಾರದ ತನ್ನ ಕಾರ್ಖಾನೆಯಲ್ಲಿ 2014ರಲ್ಲೇ ಕೆಲಸ ನಿಲ್ಲಿಸಿತು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಹುಟ್ಟಿ ಐವತ್ತಕ್ಕೂ ಹೆಚ್ಚು ವರ್ಷ ಓಡಿದ ಕಾರು ಅದು. 2017ರಲ್ಲಿ ಹೆಸರನ್ನು ಮಾತ್ರ 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪೆಜೋ ಕಂಪೆನಿಗೆ ಮಾರಿದರು. ಈಗ ಬಿಡಿಭಾಗ ಬೇಕೆಂದರೆ ಗುಜರಿ ಅಂಗಡಿ, ಹಳೆಯ ದಾಸ್ತಾನು ಅಥವಾ ಹೀಗೆ ರಿಪೇರಿ. ಗುಜರಿಯಿಂದ ತಂದದ್ದೂ ಅಷ್ಟೇ ತುಕ್ಕು ಹಿಡಿದದ್ದಾಗಿರಬಹುದು. ಕೊಳ್ಳುವ ಮೊದಲು ಪಿನ್ನು ತಿರುಗಿಸಿ ನೋಡಿ.

ಹಿಂಜ್ ಕೂರುವ ಜಾಗದ ತಗಡನ್ನೂ ನೋಡಬೇಕು. ಅಲ್ಲಿ ತಗಡು ಹಪ್ಪಳದಂತಾಗಿದ್ದರೆ ಹೊಸ ಹಿಂಜ್ ಹಾಕಿಯೂ ಪ್ರಯೋಜನವಿಲ್ಲ. ನಮ್ಮದು ಗಟ್ಟಿಯಾಗಿತ್ತು. ಉಜ್ಜು ಕಾಗದ ಹಾಕಿ ತಿಕ್ಕಿ, ರೆಡ್ ಆಕ್ಸೈಡ್ ಬಳಿದು, ಒಣಗಿದ ಮೇಲೆ ಬಣ್ಣ ಕೊಟ್ಟೆವು. ತಿಕ್ಕುವ ಕೆಲಸ ನನ್ನದೇ. ಆಮೇಲೆ ಗೆರೆಯೊಳಗೆ ಹಿಂಜ್ ಕೂರಿಸಿ, ಬೋಲ್ಟನ್ನು ಕೈಬಿಗಿ ಮಾತ್ರ ಮಾಡಿ, ಮುಚ್ಚಳವನ್ನು ಮೆಲ್ಲಗೆ ಇಳಿಸಿ, ಎರಡೂ ಬದಿಯ ಸಂದು ಸಮನಾಗಿದೆಯೇ ನೋಡಿ, ಕೊನೆಗೆ ಬಿಗಿ ಮಾಡಿದರು.

ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ನೋಟ್‌ಬುಕ್ಕಿನ ಕಾಗದದ ಉದ್ದ ಚೂರನ್ನು ರಬ್ಬರ್ ಬೀಡಿಂಗಿನ ಮೇಲಿಟ್ಟು ಮುಚ್ಚಿ. ಎಳೆದಾಗ ಬಿಗಿಯಾಗಿ ಹಿಡಿದುಕೊಂಡರೆ ಸರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ, ನೀರು, ಹೊಗೆ ಒಳಗೆ ಬರುತ್ತದೆ. ಸುತ್ತಲೂ ಹೀಗೆ ನೋಡುತ್ತಾ ಬನ್ನಿ. ನಮ್ಮಲ್ಲಿ ಒಂದು ಕಡೆ ರಬ್ಬರೇ ಸವೆದಿತ್ತು. ಹೊಸ ಬೀಡಿಂಗ್ ಹಾಕಿಸಿದೆವು. ಪಿನ್ನು, ವೆಲ್ಡಿಂಗ್, ರಬ್ಬರ್, ಬಣ್ಣ ಎಲ್ಲ ಸೇರಿ ಮಗನ ಶಾಲೆಯ ಬೂಟಿಗಿಂತ ಸ್ವಲ್ಪ ಹೆಚ್ಚು ಖರ್ಚಾಯಿತು. ಮೇಸ್ತ್ರಿ ಮಜೂರಿ ತೆಗೆದುಕೊಳ್ಳಲಿಲ್ಲ. ಅತ್ತೆ ಅವರ ಮನೆಗೆ ಬಿರಿಯಾನಿ ಕಳಿಸಿದರು.

ಇನ್ನು ಆರೈಕೆ. ಮನೆಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ಇದ್ದೇ ಇರುತ್ತದೆ. ತಿಂಗಳಿಗೊಮ್ಮೆ ಪಿನ್ನಿಗೆ ಎರಡು ಹನಿ ಬಿಟ್ಟು ಮುಚ್ಚಳವನ್ನು ನಾಲ್ಕು ಸಲ ತೆಗೆದು ಮುಚ್ಚಿ. ಮಳೆಗಾಲಕ್ಕೆ ಮೊದಲು ಸ್ವಲ್ಪ ಗ್ರೀಸ್. ಕಡಲ ಕಡೆಗೆ ಹೋಗಿ ಬಂದ ದಿನ ಸಿಹಿ ನೀರಿನಲ್ಲಿ ತೊಳೆದು ಒರೆಸಿ. ಮುಚ್ಚಳ ಬಿಗಿಯೆನಿಸಿದರೆ ಬಲ ಹಾಕಬೇಡಿ, ಎಣ್ಣೆ ಹಾಕಿ.

ಚೆನ್ನಾಗಿ ಮುಚ್ಚುವ ಡಿಕ್ಕಿಗೂ ಕಾವಲು ಬೇಕು

ರಿಪೇರಿಯಾದ ಮರುದಿನವೇ ಇನ್ನೊಂದು ವಿಷಯ ಹೊಳೆದು ಮೈ ಜುಮ್ಮೆಂದಿತು. ಹಗ್ಗ ಕಟ್ಟಿದ ಡಿಕ್ಕಿಯೊಳಗೆ ಮಕ್ಕಳು ಅಡಗಿ ಕೂತರೂ ಉಸಿರಿಗೆ ಸಂದು ಇತ್ತು. ಈಗ ಅದು ಬಿಗಿಯಾಗಿ ಮುಚ್ಚುತ್ತದೆ. ಒಳಗಿನಿಂದ ತೆರೆಯಲು ಹಳೆಯ ಕಾರಿನಲ್ಲಿ ದಾರಿಯಿಲ್ಲ. 1998ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ಮೂರೇ ವಾರಗಳೊಳಗೆ, ಮೂರು ಕಡೆ, ಒಟ್ಟು 11 ಮಕ್ಕಳು ಕಾರಿನ ಡಿಕ್ಕಿಯಲ್ಲಿ ಸಿಕ್ಕಿಕೊಂಡು ಸತ್ತರು. ಆ ಮೇಲೆ ಅಲ್ಲಿ ಕಾನೂನಾಯಿತು. 2001ರ ಸೆಪ್ಟೆಂಬರಿನಿಂದ ಅಲ್ಲಿ ಮಾರುವ ಹೊಸ ಕಾರುಗಳ ಡಿಕ್ಕಿಯೊಳಗೆ ಕತ್ತಲೆಯಲ್ಲೂ ಕಾಣುವ ಒಂದು ಹಿಡಿ ಇರಬೇಕು. ಎಳೆದರೆ ಮುಚ್ಚಳ ತೆರೆಯಬೇಕು. ನಮ್ಮ ಅಂಗಳದ ಅಂಬಾಸಿಡರಿಗೆ, ಫಿಯೆಟ್ಟಿಗೆ ಅಂಥ ಹಿಡಿ ಇಲ್ಲ. ಅದಕ್ಕೆ ಕೀಲಿಕೈಯೇ ಕಾವಲು. ಡಿಕ್ಕಿ ಯಾವಾಗಲೂ ಬೀಗ ಹಾಕಿರಲಿ. ಕೀಲಿ ಮಕ್ಕಳ ಕೈಗೆ ಸಿಗದಿರಲಿ. ಮಗು ಕಾಣದಿದ್ದರೆ ಬಾವಿಯ ಜೊತೆಗೆ ಡಿಕ್ಕಿಯನ್ನೂ ಮೊದಲು ನೋಡಿ.

ಹಾಗಾದರೆ ಇಷ್ಟೆಲ್ಲ ತೊಂದರೆಯ ಹಳೆಯ ಕಾರನ್ನು ಇಟ್ಟುಕೊಳ್ಳಬೇಕೇ? ಇದು ಪ್ರತಿ ಮನೆಯ ನಿರ್ಧಾರ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಪ್ರತಿ 5 ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. 50 ವರ್ಷ ಕಳೆದು ಮೂಲ ರೂಪದಲ್ಲೇ ಇರುವ ವಾಹನಗಳನ್ನು ವಿಂಟೇಜ್ ಎಂದು ಪ್ರತ್ಯೇಕವಾಗಿ ನೋಂದಾಯಿಸುವ ನಿಯಮ 2021ರಲ್ಲಿ ಬಂತು. ಶುಲ್ಕ 20,000 ರೂಪಾಯಿ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಇಟ್ಟುಕೊಳ್ಳುವುದಾದರೆ ಸರಿಯಾಗಿ ಇಟ್ಟುಕೊಳ್ಳಿ. ಆಗದಿದ್ದರೆ ನಾಚಿಕೆಪಡದೆ ಬಿಟ್ಟುಕೊಡಿ. ನೆನಪಿಗೋಸ್ಕರ ಇಟ್ಟ ಕಾರಿನಲ್ಲಿ ಮಕ್ಕಳ ಆರೋಗ್ಯ ಕೆಡಬಾರದು.

ಸಹೋದರಿಯರೇ, ಗಂಡಸರು ದೂರ ದುಡಿಯುವ ನಮ್ಮ ಮನೆಗಳಲ್ಲಿ ಕಾರು ಓಡಿಸುವವರು ಯಾರೋ, ರಿಪೇರಿ ಮಾಡುವವರು ಯಾರೋ. ಆದರೆ ಹಿಂದಿನ ಸೀಟಿನಲ್ಲಿ ಮಕ್ಕಳೊಂದಿಗೆ ಕೂರುವವರು ನಾವೇ. "ಕಾರಿನ ವಿಷಯ ನಮಗೇನು ಗೊತ್ತು?" ಎಂದು ನಾನು ನಾಲ್ಕು ತಿಂಗಳು ಸುಮ್ಮನಿದ್ದೆ. ಗೊತ್ತಾಗಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಕಾರಿನಲ್ಲಿ ಕೂತಾಗ ತಲೆನೋವು ಬಂದು, ಇಳಿದಾಗ ಹೋಗುವುದಾದರೆ, ಒಬ್ಬರಿಗಿಂತ ಹೆಚ್ಚು ಮಂದಿಗೆ ಹಾಗಾದರೆ, ಆ ಕಾರನ್ನು ಅಲ್ಲೇ ನಿಲ್ಲಿಸಿ. ಯಾರಾದರೂ ಪ್ರಜ್ಞೆ ತಪ್ಪಿದರೆ ತಕ್ಷಣ ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಒಯ್ಯಿರಿ. ಡಿಕ್ಕಿ ಮುಚ್ಚದ ಕಾರಿನ ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಬೇಡಿ. ಸಾಮಾನು ಹೆಚ್ಚಾದರೆ ಎರಡು ಸಲ ಹೋಗಿ ಬನ್ನಿ.

ಮೊನ್ನೆ ಕುಂದಾಪುರದಿಂದ ಬರುವಾಗ ಮರವಂತೆಯಲ್ಲಿ ಮಗ ಕಾರು ನಿಲ್ಲಿಸಲು ಹೇಳಿದ. ನನ್ನ ಎದೆ ಧಸಕ್ಕೆಂದಿತು. "ಏನು ಮಗಾ, ತಲೆನೋವೇ?" ಎಂದೆ. "ಇಲ್ಲ ಅಮ್ಮಿ, ಐಸ್‌ಕ್ರೀಮ್" ಎಂದ. ಅಲ್ಹಮ್ದುಲಿಲ್ಲಾಹ್! ಅಂದು ಎರಡು ತೆಗೆಸಿಕೊಟ್ಟೆ.

ಆ ನೈಲಾನ್ ಹಗ್ಗ ಈಗ ಹಿತ್ತಿಲಲ್ಲಿ ಬಟ್ಟೆ ಒಣಗಿಸುವ ಹಗ್ಗವಾಗಿದೆ. ನಿಮ್ಮ ಮನೆಯ ಹಗ್ಗಗಳನ್ನೂ ಇಂದೇ ಒಮ್ಮೆ ಬಿಚ್ಚಿ ನೋಡಿ. ಅದರ ಹಿಂದೆ ಮುರಿದಿರುವುದು ಏನು ಎಂದು ತಿಳಿದುಕೊಳ್ಳಿ.